ಬಯಲು ಗದ್ದೆಯ ತೂಕ, ಮಕ್ಕಿ ಗದ್ದೆಯ ನಷ್ಟ: ಮಲೆನಾಡಿನ ಒಂದು ಪಂಚಾಯ್ತಿಯ ಭತ್ತದ ಲೆಕ್ಕ

ಹೊಸನಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿ. ಹೆಸರು ಬರೆಯುವುದಿಲ್ಲ, ಯಾಕೆಂದರೆ ಇಲ್ಲಿ ನಡೆದದ್ದು ಸಾಗರ, ತೀರ್ಥಹಳ್ಳಿ, ಸೊರಬದ ಯಾವ ಪಂಚಾಯ್ತಿಯಲ್ಲಾದರೂ ನಡೆಯಬಹುದು. ಆ ವರ್ಷ ಮಳೆ ಶುರುವಿನಲ್ಲಿ ಚೆನ್ನಾಗಿಯೇ ಹಿಡಿಯಿತು. ನಾಟಿ ಮುಗಿಯಿತು. ಆಮೇಲೆ ಹಸ್ತ, ಚಿತ್ತೆ ಎರಡೂ ಮಳೆ ಕೈಕೊಟ್ಟವು. ತೆನೆ ಹಾಲು ಕಟ್ಟುವ ಹೊತ್ತಿಗೆ ಮೇಲಿನ ಮಕ್ಕಿ ಗದ್ದೆಗಳು ಬಿರುಕು ಬಿಟ್ಟಿದ್ದವು. ಕೆಳಗೆ ಹಳ್ಳದ ಪಕ್ಕದ ಬಯಲು ಗದ್ದೆಗಳಲ್ಲಿ ತೇವ ಆರಿರಲಿಲ್ಲ, ಅಲ್ಲಿ ಬೆಳೆ ನಿಂತಿತು. ಊರು ಒಂದೇ, ಮಳೆಯೂ ಒಂದೇ, ಕಣಕ್ಕೆ ಬಂದ ಫಸಲು ಮಾತ್ರ ಎರಡು ಥರ.

ಭತ್ತಕ್ಕೆ ವಿಮೆ ಕಟ್ಟಿದವರು ಎರಡೂ ಕಡೆ ಇದ್ದರು. ಪಂಚಾಯ್ತಿಯ ಸರಾಸರಿ ಇಳುವರಿ ಪ್ರಕಟವಾದಾಗ ಅದು ವಿಮೆಯ ಮಿತಿ ಇಳುವರಿಗಿಂತ, ಅಂದರೆ ಸರಾಸರಿ ಯಾವ ಗೆರೆಗಿಂತ ಕೆಳಗಿಳಿದರೆ ಮಾತ್ರ ಪರಿಹಾರ ಸಿಗುತ್ತದೋ ಅದಕ್ಕಿಂತ, ಮೇಲಿತ್ತು. ಹಾಗಾಗಿ ಯಾರಿಗೂ ಪರಿಹಾರ ಬರಲಿಲ್ಲ. ಮಕ್ಕಿ ಗದ್ದೆಯವರು ಸಿಟ್ಟಾದರು. ತೂಕದಲ್ಲಿ ಮೋಸ ಆಗಿದೆ ಎಂದರು.

ಆ ಹಂಗಾಮಿನಲ್ಲಿ ನಾನು ಬೆಳೆ ಸಮೀಕ್ಷೆಯ ಖಾಸಗಿ ನಿವಾಸಿಯಾಗಿ, ಅಂದರೆ ಊರೂರಲ್ಲಿ ಆ್ಯಪ್ ಹಿಡಿದು ಗದ್ದೆಯ ಫೋಟೊ ತೆಗೆಯುವ ಹುಡುಗರಲ್ಲಿ ಒಬ್ಬನಾಗಿ, ಕೆಲಸ ಮಾಡಿದ್ದೆ. ಬೆಳೆ ಕಟಾವು ಪ್ರಯೋಗ, ಅಂದರೆ ಇಳುವರಿ ತಿಳಿಯಲು ಆರಿಸಿದ ಗದ್ದೆಯ ಒಂದು ತುಂಡು ಕೊಯ್ದು ತೂಗುವುದು, ನಡೆದಾಗಲೂ ಗದ್ದೆಯಲ್ಲಿದ್ದೆ. ತೂಕ ಸರಿಯಾಗಿಯೇ ನಡೆದಿತ್ತು. ಎಡವಟ್ಟು ಆಗಿದ್ದು ತಕ್ಕಡಿ ಬರುವುದಕ್ಕೆ ಬಹಳ ಮುಂಚೆ, ಯಾವ ಗದ್ದೆ ಕೊಯ್ಯಬೇಕು ಎಂದು ಆರಿಸುವ ಪಟ್ಟಿಯಲ್ಲಿ. ಆ ಪಟ್ಟಿ ಸರಿಯಾಗದೆ ಮಲೆನಾಡಿನ ಬೆಳೆ ಲೆಕ್ಕ ಸರಿಯಾಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಐದು ಮೀಟರ್ ಚೌಕ

ಮೊದಲು ಪ್ರಯೋಗ ಹೇಗೆ ನಡೆಯುತ್ತದೆ ನೋಡೋಣ. ಪಂಚಾಯ್ತಿಗೆ ಇಂತಿಷ್ಟು ಸರ್ವೆ ನಂಬರ್ ಎಂದು ಮೇಲಿನಿಂದ ಪಟ್ಟಿ ಬರುತ್ತದೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಲ್ಲಿ ಶುರುವಾದ ಮೇಲೆ, ಮುಖ್ಯ ಬೆಳೆಗೆ ಒಂದು ಪಂಚಾಯ್ತಿಯಲ್ಲಿ ಕನಿಷ್ಠ 4 ಪ್ರಯೋಗ ಆಗಬೇಕು ಎಂಬ ನಿಯಮ ಇದೆ. ಕಂದಾಯ, ಕೃಷಿ, ತೋಟಗಾರಿಕೆ, ಪಂಚಾಯತ್ ರಾಜ್ ಇಲಾಖೆಗಳ ನೌಕರರು ಹಂಚಿಕೊಂಡು ಮಾಡುತ್ತಾರೆ. ಉಸ್ತುವಾರಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ್ದು.

ಗದ್ದೆಯ ನೈಋತ್ಯ ಮೂಲೆಯಲ್ಲಿ ನಿಲ್ಲಬೇಕು. ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ ಎಂದು ಯಾದೃಚ್ಛಿಕ ಸಂಖ್ಯೆ ಹೇಳುತ್ತದೆ. ನಡೆದು ನಿಂತ ಜಾಗದಲ್ಲಿ ಮೊದಲ ಗೂಟ. ಅಲ್ಲಿಂದ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕಕ್ಕೆ ಹಗ್ಗ ಕಟ್ಟಬೇಕು. ಮೂಲೆಯಿಂದ ಮೂಲೆಗೆ 7.07 ಮೀಟರ್ ಬಂದರೆ ಚೌಕ ಸರಿ. ಬುಡ ಹಗ್ಗದ ಒಳಗಿರುವ ಪೈರು ಮಾತ್ರ ಕೊಯ್ಯಬೇಕು. ಅಲ್ಲೇ ಟಾರ್ಪಲ್ ಹಾಸಿ ಬಡಿದು, ತೂರಿ, ತೂಗಬೇಕು. ಹಂದಿ ತುಳಿದ ಜಾಗ ಸಿಕ್ಕರೂ ಅಲ್ಲೇ, ಒಳ್ಳೆ ತೆನೆ ಸಿಕ್ಕರೂ ಅಲ್ಲೇ. ಆಚೆ ಈಚೆ ಜರುಗಿಸುವ ಹಾಗಿಲ್ಲ. ಜರುಗಿಸಿದರೆ ಇಡೀ ಪ್ರಯೋಗಕ್ಕೆ ಅರ್ಥವೇ ಇಲ್ಲ.

ಈ ಚೌಕ 25 ಚದರ ಮೀಟರ್. ಒಂದು ಹೆಕ್ಟೇರಿಗೆ ಇಂಥ 400 ಚೌಕ. ಅಂದರೆ ಚೌಕದಲ್ಲಿ 1 ಕಿಲೊ ಹೆಚ್ಚು ಬಂದರೆ ಲೆಕ್ಕದಲ್ಲಿ ಹೆಕ್ಟೇರಿಗೆ 4 ಕ್ವಿಂಟಾಲ್ ಹೆಚ್ಚು. ಬರೀ 100 ಗ್ರಾಂ ವ್ಯತ್ಯಾಸ 40 ಕಿಲೊ ಆಗುತ್ತದೆ. ಹಗ್ಗ ಸಡಿಲವಾಗಿ ಎರಡೂ ಕಡೆ 5.2 ಮೀಟರ್ ಆದರೆ ಇಳುವರಿ ಶೇ. 8ರಷ್ಟು ಸುಮ್ನೆ ಏರುತ್ತದೆ. ಅದಕ್ಕೇ ರೈತರ ಕಣ್ಣು, ವಿಮೆಯವರ ಕಣ್ಣು ಎರಡೂ ಹಗ್ಗದ ಮೇಲೇ. ಇಳುವರಿ ಕಡಿಮೆ ಬಂದರೆ ರೈತರಿಗೆ ಅನುಕೂಲ, ಜಾಸ್ತಿ ಬಂದರೆ ವಿಮೆ ಕಂಪನಿಗೆ ಅನುಕೂಲ. ಮಧ್ಯದಲ್ಲಿ ನಿಂತ ನೌಕರನ ಮೇಲೆ ಎರಡೂ ಕಡೆಯ ಒತ್ತಡ. ನಮ್ಮ ಪಂಚಾಯ್ತಿಯಲ್ಲಿ ಇದ್ದವರು ಟೇಪು ಹಿಡಿದು ಮೂಲೆ ಅಳೆದು, ಎಲ್ಲರ ಮುಂದೆ ತೂಗಿದರು. ಅವರ ಮೇಲೆ ಆರೋಪ ಹೊರಿಸುವುದು ಅನ್ಯಾಯ.

ತೂಕದ ಹಂತದಲ್ಲಿ ನನಗೆ ಕಂಡ ತೊಡಕು ಒಂದೇ, ತೇವದ್ದು. ನಮ್ಮ ಕಡೆ ಕೊಯ್ದ ಭತ್ತ ಕೆಲವು ದಿನ ಗದ್ದೆಯಲ್ಲೇ ಒಣಗಿ, ಹೊರೆಯಾಗಿ ಕಣಕ್ಕೆ ಹೋಗುತ್ತದೆ. ಪ್ರಯೋಗದಲ್ಲಿ ಕೊಯ್ದ ದಿನವೇ ಬಡಿಯಬೇಕು. ಹಸಿ ಕಾಳು ತೂಗುತ್ತದೆ. ಒಣಗಿಸಿ ಮತ್ತೆ ತೂಗುವ ನಿಯಮ ಇದ್ದರೂ ಅದು ಎಲ್ಲ ಚೌಕಕ್ಕೂ ನಡೆಯುವುದಿಲ್ಲ. ಕೆಲವು ಕಡೆ ಒಣಗಿಸಿ ಸಿಕ್ಕ ಪ್ರಮಾಣವನ್ನೇ ಉಳಿದವಕ್ಕೂ ಹಾಕುತ್ತಾರೆ. ನವೆಂಬರಿನಲ್ಲೂ ಬೆಳಿಗ್ಗೆ ಹತ್ತರವರೆಗೆ ಇಬ್ಬನಿ ಆರದ ಹೊಸನಗರಕ್ಕೂ ಬಿಸಿಲಿನ ಬಯಲುಸೀಮೆಗೂ ಒಂದೇ ಪ್ರಮಾಣ ಹೊಂದುತ್ತದೆಯೇ? ತೇವ ಅಳೆಯುವ ಸಣ್ಣ ಯಂತ್ರ ಈಗ ಅಡಿಕೆ ವ್ಯಾಪಾರಿಯ ಕೈಯಲ್ಲೂ ಇದೆ. ಪ್ರಯೋಗದ ಚೀಲದಲ್ಲೂ ಇರಬೇಕು.

ಈ ಚೌಕ ಬಂದದ್ದು ಎಲ್ಲಿಂದ

ಹಿಂದೆ ಬೆಳೆಯನ್ನು ಆಣೆವಾರಿಯಲ್ಲಿ ಹೇಳುತ್ತಿದ್ದರು. ಹದಿನಾರಾಣೆ ಬೆಳೆ, ಹನ್ನೆರಡಾಣೆ ಬೆಳೆ ಎಂದು ಕಣ್ಣಳತೆಯಲ್ಲೇ ಅಂದಾಜು. ಅಧಿಕಾರಿಯ ಕಣ್ಣು ಯಾವಾಗಲೂ ಸ್ವಲ್ಪ ಬಿಗಿಯಾಗಿಯೇ ಇರುತ್ತಿತ್ತು. ಇದನ್ನು ಬಿಟ್ಟು ಮಾದರಿ ಗದ್ದೆ ಕೊಯ್ದು ನೋಡುವ ಪದ್ಧತಿಯನ್ನು 1920ರ ದಶಕದಲ್ಲಿ ಬಿಹಾರ, ಒಡಿಶಾದ ಭತ್ತದ ಮೇಲೆ ಜೆ.ಎ. ಹಬ್ಬಾಕ್ ಎಂಬ ಅಧಿಕಾರಿ ಮಾಡಿ ತೋರಿಸಿದರು. ಮುಂದೆ ಬಂಗಾಳದ ಸೆಣಬಿನ ಲೆಕ್ಕದಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಅದನ್ನು ದೊಡ್ಡ ಪ್ರಮಾಣಕ್ಕೆ ಬೆಳೆಸಿದರು.

1940ರ ದಶಕದಲ್ಲಿ ಮಹಾಲನೋಬಿಸ್ ಮತ್ತು ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ನಡುವೆ ಒಂದು ದೊಡ್ಡ ವಾದ ನಡೆಯಿತು. ಸಣ್ಣ ಸಣ್ಣ ತುಂಡು ಸಾಕು, ಬೇಗ ಆಗುತ್ತದೆ, ಜಾಸ್ತಿ ಕಡೆ ಮಾಡಬಹುದು ಎಂದು ಮಹಾಲನೋಬಿಸ್. ತುಂಡು ಸಣ್ಣದಾದಷ್ಟೂ ಇಳುವರಿ ಸುಳ್ಳಾಗಿ ಏರುತ್ತದೆ ಎಂದು ಸುಖಾತ್ಮೆ. ನಾಟಿ ಸಾಲಿನ ಅಂತರ 20 ಸೆಂಟಿಮೀಟರ್ ಇದ್ದರೆ, 5 ಮೀಟರ್ ಚೌಕದ ಒಂದು ಬದಿಯಲ್ಲಿ ಅಂಚಿನ ಒಂದು ಸಾಲು ತಪ್ಪಿ ಒಳಗೆ ಸೇರಿದರೆ ಶೇ. 4 ಏರುತ್ತದೆ. ಅದೇ 1 ಮೀಟರ್ ಚೌಕದಲ್ಲಿ ಆದರೆ ಶೇ. 20. ಅಂಚಿನ ಬುಡವನ್ನು ಒಳಗೆ ಎಳೆದುಕೊಳ್ಳುವುದು ಮನುಷ್ಯನ ಕೈಯ ಅಭ್ಯಾಸ. ಸ್ವತಂತ್ರ ಭಾರತದ ಬೆಳೆ ಅಂದಾಜು ಸಮೀಕ್ಷೆ ಸುಖಾತ್ಮೆಯವರ ದೊಡ್ಡ ತುಂಡನ್ನೇ ಹಿಡಿಯಿತು, ಊರಿನ ಕಂದಾಯ ನೌಕರರ ಕೈಯಿಂದಲೇ ಮಾಡಿಸಿತು. ಇದಕ್ಕೇ ತರಬೇತಾದ ಬೇರೆ ಸಿಬ್ಬಂದಿ ಇರಬೇಕು ಎಂಬುದು ಮಹಾಲನೋಬಿಸ್ ಅವರ ಹಟವಾಗಿತ್ತು. ಅದು ಬದಿಗೆ ಸರಿಯಿತು. ಮೈಮೇಲೆ ನೂರು ಕೆಲಸ ಹೊತ್ತ ಗ್ರಾಮ ಆಡಳಿತ ಅಧಿಕಾರಿಯನ್ನು ನೋಡಿದಾಗ ಆ ಹಟಕ್ಕೂ ಅರ್ಥ ಇತ್ತು ಅನಿಸುತ್ತದೆ.

ಪಟ್ಟಿಯಿಂದ ಬಿದ್ದುಹೋಗುವ ಗದ್ದೆಗಳು

ಈಗ ಅಸಲು ವಿಷಯ. ನಮ್ಮ ಪಂಚಾಯ್ತಿಗೆ ಬಂದ ಸರ್ವೆ ನಂಬರ್‌ಗಳಲ್ಲಿ ಒಂದಕ್ಕೆ ಹೋದಾಗ ಅಲ್ಲಿ ಭತ್ತ ಇರಲಿಲ್ಲ. ಅಡಿಕೆ ಸಸಿ ಎದೆಮಟ್ಟ ಬೆಳೆದಿತ್ತು, ಮಧ್ಯೆ ಬಾಳೆ. ಪಹಣಿಯಲ್ಲಿ ಮಾತ್ರ ಇನ್ನೂ ಭತ್ತ. ಮಲೆನಾಡಿನಲ್ಲಿ ಗದ್ದೆ ತೋಟವಾಗುತ್ತಿರುವುದು ಎಲ್ಲರಿಗೂ ಗೊತ್ತು. ದಾಖಲೆಗೆ ಗೊತ್ತಾಗುವುದು ನಿಧಾನ. ಇಂಥ ಕಡೆ ನಿಯಮದಂತೆ ಮುಂದಿನ ನಂಬರ್‌ಗೆ ಹೋಗಬೇಕು. ಹೋದರು. ಆ ಮುಂದಿನ ನಂಬರ್ ಹಳ್ಳದ ಪಕ್ಕದ ಬಯಲು.

ಇನ್ನೊಂದು ನಂಬರ್‌ನಲ್ಲಿ ಭತ್ತ ಇತ್ತು. ಮಕ್ಕಿ ಗದ್ದೆ. ಆದರೆ ಚೌಕ ಕೂರಲಿಲ್ಲ. ಗುಡ್ಡದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮಾಡಿದ ಗದ್ದೆ ಅದು. ಒಂದೊಂದು ಮಡಿ ಮೂರು ನಾಲ್ಕು ಮೀಟರ್ ಅಗಲ, ಬಳುಕಿಕೊಂಡು ಹೋಗುತ್ತದೆ. 5 ಮೀಟರ್ ಚೌಕ ಪೂರ್ತಿ ಗದ್ದೆಯೊಳಗೇ ಬೀಳಬೇಕು ಎಂದರೆ ಇಂಥ ಗದ್ದೆ ಎಂದಿಗೂ ಆಯ್ಕೆಯಾಗುವುದಿಲ್ಲ. ಮತ್ತೆ ಬೇರೆ ಸಂಖ್ಯೆ, ಮತ್ತೆ ಬೇರೆ ಜಾಗ. ಕೊನೆಗೆ ಅಗಲ ಇರುವ ಗದ್ದೆ. ಅಗಲ ಇರುವುದು ಬಯಲಿನಲ್ಲಿ. ಎರಡೂವರೆ ಮೀಟರ್ ಅಗಲ, 10 ಮೀಟರ್ ಉದ್ದದ ತುಂಡು ಮಾಡಿದರೂ ಅದೇ 25 ಚದರ ಮೀಟರ್ ಆಗುತ್ತದೆ. ಆದರೆ ಸುತ್ತಳತೆ 20 ಮೀಟರಿನಿಂದ 25ಕ್ಕೆ ಏರುತ್ತದೆ, ಸುಖಾತ್ಮೆ ಹೇಳಿದ ಅಂಚಿನ ತೊಂದರೆ ಅಷ್ಟು ಜಾಸ್ತಿ. ಆದರೂ ಮೆಟ್ಟಿಲು ಗದ್ದೆಯನ್ನು ಪೂರ್ತಿ ಬಿಡುವುದಕ್ಕಿಂತ ಉದ್ದ ತುಂಡು ಎಷ್ಟೋ ಮೇಲು. ಅಂಚಿನ ತಪ್ಪನ್ನು ತರಬೇತಿಯಿಂದ ತಗ್ಗಿಸಬಹುದು. ಬಿಟ್ಟುಹೋದ ಗದ್ದೆಯನ್ನು ಯಾವ ತರಬೇತಿಯೂ ವಾಪಸ್ ತರುವುದಿಲ್ಲ.

ಮೂರನೆಯದು ಬಗರ್ ಹುಕುಂ. ಮಕ್ಕಿ ಗದ್ದೆಗಳಲ್ಲಿ ಎಷ್ಟೋ ಭಾಗ ಸಾಗುವಳಿಯಲ್ಲಿದೆ, ಹಕ್ಕುಪತ್ರದಲ್ಲಿಲ್ಲ. ದಾಖಲೆಯಲ್ಲಿ ಅದು ಗೋಮಾಳ, ಇಲ್ಲವೇ ಅರಣ್ಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಡೆಯಾಗಿ ಬಂದವರ ಮಕ್ಕಳು ಮೊಮ್ಮಕ್ಕಳು ಉಳುವ ಭೂಮಿಯ ಕಥೆಯೂ ಎಷ್ಟೋ ಕಡೆ ಇದೇ. ಅಲ್ಲಿ ಬೆಳೆದ ಭತ್ತ ಊಟಕ್ಕೆ ಬರುತ್ತದೆ, ಮಿಲ್ಲಿಗೆ ಹೋಗುತ್ತದೆ. ಅಂಕಿಅಂಶದಲ್ಲಿ ಇಲ್ಲ. ವಿಮೆ ಸಿಗುತ್ತದೋ ಇಲ್ಲವೋ ಅದು ಬೇರೆ ಮಾತು. ದೇಶದಲ್ಲಿ ಎಷ್ಟು ಭತ್ತ ಬೆಳೆಯಿತು ಎಂಬ ಪ್ರಶ್ನೆಗಾದರೂ ಅದು ಲೆಕ್ಕಕ್ಕೆ ಬರಬೇಕು ಅಲ್ವಾ? ಹಕ್ಕಿನ ಪ್ರಶ್ನೆಯನ್ನೂ ಬೆಳೆಯ ಪ್ರಶ್ನೆಯನ್ನೂ ಒಂದೇ ಪಹಣಿಗೆ ಕಟ್ಟಿಹಾಕಿರುವುದು ಇಲ್ಲಿನ ದೊಡ್ಡ ತೊಡಕು.

ನಾಲ್ಕನೆಯದು ನಾನೇ ಹತ್ತಿರದಿಂದ ಕಂಡದ್ದು. ಬೆಳೆ ಸಮೀಕ್ಷೆಯ ಫೋಟೊ ಯಾವಾಗ ತೆಗೆಯುತ್ತೇವೆ ಎಂಬುದರ ಮೇಲೆ ಎಷ್ಟೋ ನಿಂತಿದೆ. ಕರ್ನಾಟಕದಲ್ಲಿ ಮೊಬೈಲ್ ಆ್ಯಪಿನ ಸಮೀಕ್ಷೆ ಬಂದದ್ದು, 2020ರಿಂದ ರೈತರೇ ತಮ್ಮ ಬೆಳೆ ದಾಖಲಿಸುವ ಅವಕಾಶ ಸಿಕ್ಕಿದ್ದು ನಿಜಕ್ಕೂ ಒಳ್ಳೆಯ ಕೆಲಸ. ಪ್ಲಾಟಿನ ಒಳಗೆ ನಿಂತರೆ ಮಾತ್ರ ಫೋಟೊ ಹಿಡಿಯುತ್ತದೆ. ಮನೆಯಲ್ಲಿ ಕೂತು ಬರೆಯುವ ಕಾಲ ಹೋಯಿತು. ಆದರೆ ಮಕ್ಕಿಯಲ್ಲಿ ನಾಟಿ ತಡ. ಬಯಲಿನಲ್ಲಿ ಪೈರು ಹಸಿರಾಗಿರುವಾಗ ಮೇಲೆ ಇನ್ನೂ ಬರೀ ಕೆಸರು, ಇಲ್ಲವೇ ಹುಲ್ಲು. ಆಗ ಹೋದವನು ಬೀಳು ಎಂದು ಬರೆಯುತ್ತಾನೆ, ಆ ಗದ್ದೆ ಭತ್ತದ ಪಟ್ಟಿಯಿಂದ ಹೊರಗೆ ಬೀಳುತ್ತದೆ. ಮರದ ಕೆಳಗೆ ಜಿಪಿಎಸ್ ಜರುಗುತ್ತದೆ, ಪಕ್ಕದ ಹಿಸ್ಸಾ ತೋರಿಸುತ್ತದೆ. ನೆಟ್‌ವರ್ಕ್ ಇಲ್ಲದ ಕಣಿವೆಯಲ್ಲಿ ಕೆಲಸ ಉಳಿದುಹೋಗುತ್ತದೆ. ರಸ್ತೆ ಬದಿಯ ಬಯಲು ಮೊದಲು ಮುಗಿಯುತ್ತದೆ.

ಈ ನಾಲ್ಕೂ ಕಾರಣಗಳನ್ನು ಒಟ್ಟಿಗೆ ಇಟ್ಟು ನೋಡಿ. ಪ್ರತಿಯೊಂದೂ ಗದ್ದೆಯ ಆಯ್ಕೆಯನ್ನು ಬಯಲಿನ ಕಡೆಗೇ ತಳ್ಳುತ್ತದೆ. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೂ ಫಲ ಒಂದೇ. ಆ ವರ್ಷ ನಮ್ಮ ಪಂಚಾಯ್ತಿಯ ನಾಲ್ಕೂ ಚೌಕ ಬಯಲಿನಲ್ಲೇ ಬಿದ್ದವು.

ನಾಲ್ಕು ಚೌಕದ ಲೆಕ್ಕ

ಅರ್ಥವಾಗಲು ದುಂಡು ಅಂಕಿ ಇಟ್ಟುಕೊಳ್ಳೋಣ. ಇವು ನಮ್ಮ ಊರಿನ ಅಂಕಿ ಅಲ್ಲ, ಲೆಕ್ಕಕ್ಕೆ ಹಿಡಿದದ್ದು. ಒಂದು ಪಂಚಾಯ್ತಿಯಲ್ಲಿ ಅರ್ಧ ಬಯಲು, ಅರ್ಧ ಮಕ್ಕಿ. ಬಯಲಿನ ಚೌಕದಲ್ಲಿ 12 ಕಿಲೊ, ಮಕ್ಕಿಯಲ್ಲಿ 6 ಕಿಲೊ. ನಿಜವಾದ ಸರಾಸರಿ 9 ಕಿಲೊ, ಅಂದರೆ ಹೆಕ್ಟೇರಿಗೆ 36 ಕ್ವಿಂಟಾಲ್. ನಾಲ್ಕೂ ಬಯಲಿನಲ್ಲಿ ಬಿದ್ದರೆ 48 ಕ್ವಿಂಟಾಲ್.

ಮಿತಿ ಇಳುವರಿ 40 ಕ್ವಿಂಟಾಲ್ ಎಂದಿಟ್ಟುಕೊಳ್ಳಿ. ಹಿಂದಿನ 7 ವರ್ಷಗಳಲ್ಲಿ ಒಳ್ಳೆಯ 5 ವರ್ಷದ ಸರಾಸರಿ ತೆಗೆದು, ಅದಕ್ಕೆ ವಿಮೆಯ ಹೊಣೆ ಪ್ರಮಾಣ (ಆ ಸರಾಸರಿಯ ಶೇಕಡಾ ಎಷ್ಟರವರೆಗೆ ವಿಮೆ ಹೊಣೆ ಹೊರುತ್ತದೆ ಎಂಬುದು) ಹಾಕಿ ಈ ಮಿತಿ ಕಟ್ಟುತ್ತಾರೆ. ಇಳುವರಿ ಮಿತಿಗಿಂತ ಎಷ್ಟು ಕಡಿಮೆ ಬಂತೋ ಅದೇ ಪ್ರಮಾಣದಲ್ಲಿ ವಿಮಾ ಮೊತ್ತ ಸಿಗುತ್ತದೆ. 36 ಬಂದಿದ್ದರೆ ಎಲ್ಲರಿಗೂ ಶೇ. 10 ಪರಿಹಾರ. 48 ಬಂದರೆ ಸೊನ್ನೆ. ಶೇ. 2ರಂತೆ ಪ್ರೀಮಿಯಂ ಕಟ್ಟಿ, ಖಾಲಿ ಕಣ ನೋಡಿದ ಮಕ್ಕಿಯ ರೈತನಿಗೂ ಸೊನ್ನೆ.

ಪಟ್ಟಿ ಪೂರ್ತಿ ನ್ಯಾಯವಾಗಿದ್ದರೂ ನಾಲ್ಕು ಚೌಕ ಬಹಳ ಕಡಿಮೆ. ಬಯಲು, ಮಕ್ಕಿ ಎರಡಕ್ಕೂ ಸಮ ಅವಕಾಶ ಇದ್ದಾಗಲೂ, ಮೂರು ಅಥವಾ ನಾಲ್ಕು ಚೌಕ ಬಯಲಿಗೇ ಬೀಳುವ ಸಂಭವ 16ರಲ್ಲಿ 5. ಮಕ್ಕಿಯ ಕಡೆಗೆ ವಾಲುವ ಸಂಭವವೂ ಅಷ್ಟೇ. ಇಡೀ ಜಿಲ್ಲೆಯ ಸರಾಸರಿ ತೆಗೆಯುವಾಗ ಈ ಏರುಪೇರು ಒಂದನ್ನೊಂದು ಹೊಡೆದುಹಾಕುತ್ತದೆ. ಪಂಚಾಯ್ತಿಯಲ್ಲಿ ಹಾಗಾಗುವುದಿಲ್ಲ. ಇನ್ನು ಪಟ್ಟಿಯೇ ಬಯಲಿಗೆ ವಾಲಿದ್ದರೆ ಜಿಲ್ಲೆಯ ಲೆಕ್ಕವೂ ವಾಲುತ್ತದೆ, ರಾಜ್ಯದ್ದೂ ವಾಲುತ್ತದೆ. ಆ ಅಂಕಿಯ ಮೇಲೆಯೇ ದೇಶದ ಅಕ್ಕಿಯ ತೀರ್ಮಾನಗಳು ನಡೆಯುತ್ತವೆ. 2023ರ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಂಥ ತೀರ್ಮಾನಕ್ಕೂ ಬೆಳೆ ಎಷ್ಟು ಎಂಬ ಅಂದಾಜು ಬೇಕು.

ಹಾಗಾದರೆ ಚೌಕಗಳ ಸಂಖ್ಯೆ ಏರಿಸುವುದೇ? ನೌಕರರಿಗೆ ಈಗಿರುವುದೇ ಹೊರೆ. ಅವಸರದಲ್ಲಿ ಮಾಡಿದ 16ಕ್ಕಿಂತ ನಿಗಾ ಇಟ್ಟು ಮಾಡಿದ 4 ಮೇಲು. ಅದೇ ನಾಲ್ಕನ್ನು ಎರಡು ಬಯಲಿಗೆ, ಎರಡು ಮಕ್ಕಿಗೆ ಎಂದು ಮೊದಲೇ ಹಂಚಿದರೆ ಸಾಕು. ಮೇಲಿನ ಉದಾಹರಣೆಯಲ್ಲಿ ವಾಲುವ ಪ್ರಶ್ನೆಯೇ ಏಳುವುದಿಲ್ಲ. ಒಂದು ರೂಪಾಯಿ ಹೆಚ್ಚು ಖರ್ಚಿಲ್ಲ.

ಈ ಬುದ್ಧಿ ನಮ್ಮ ನೆಲಕ್ಕೆ ಹೊಸದಲ್ಲ. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಂದಾಯದ ಶಿಸ್ತು, ಅಂದರೆ ಭೂಮಿಗೆ ಎಷ್ಟು ಕಂದಾಯ ಎಂಬ ನಿಗದಿ, ಮಾಡುವಾಗ ಭೂಮಿಯನ್ನು ಐದು ಬಗೆಯಾಗಿ ವಿಂಗಡಿಸಿದ. ಊರೂರಿನಲ್ಲೂ ಒಂದೊಂದು ಬಗೆಯ ಒಂದೊಂದು ಗದ್ದೆಯನ್ನು 12 ವರ್ಷ ಸರ್ಕಾರದ ಲೆಕ್ಕದಲ್ಲೇ ಸಾಗುವಳಿ ಮಾಡಿಸಿ, ಬೀಜ ಎಷ್ಟು, ಖರ್ಚು ಎಷ್ಟು, ಹುಟ್ಟುವಳಿ ಎಷ್ಟು ಎಂದು ಬರೆಸಿ, ಸರಾಸರಿ ತೆಗೆದು, ಮೂರನೇ ಒಂದು ಪಾಲು ಅರಮನೆಗೆ ಎಂದು ಗೊತ್ತುಮಾಡಿದ ಎಂಬುದು ದಾಖಲಾಗಿದೆ. ಮೊದಲು ಭೂಮಿಯ ಬಗೆ, ಆಮೇಲೆ ಅಳತೆ. ಅದೇ ಸೀಮೆಯಲ್ಲಿ, ಸಾಗರದ ಇರುವಕ್ಕಿಯಲ್ಲಿ, ಈಗ ಅವನದೇ ಹೆಸರಿನ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಇದೆ. ಮಲೆನಾಡಿನ ಪಂಚಾಯ್ತಿಗಳಿಗೆ ಬಯಲು ಎಷ್ಟು, ಮಕ್ಕಿ ಎಷ್ಟು ಎಂದು ವಿಂಗಡಿಸಿ ಕೊಡಲು ಅದಕ್ಕಿಂತ ತಕ್ಕ ಜಾಗ ನನಗೆ ತೋಚುವುದಿಲ್ಲ.

ಉಪಗ್ರಹ ಬಿಡಿಸುತ್ತದೆಯೇ

ಹೊಸ ತಂತ್ರಜ್ಞಾನದ ಬಗ್ಗೆ ಎಲ್ಲರೂ ಕೇಳುತ್ತಾರೆ. 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಯ ವಿಮೆಯಲ್ಲಿ ಉಪಗ್ರಹ ಮುಂತಾದವುಗಳಿಂದ ಲೆಕ್ಕ ಹಾಕಿದ ಇಳುವರಿಗೆ ಕನಿಷ್ಠ ಶೇ. 30 ತೂಕ ಕೊಡುವ ಏರ್ಪಾಡು ಬಂದಿದೆ. ದೊಡ್ಡ ಬಯಲಿಗೆ ಇದು ಒಳ್ಳೆಯದೇ. ಆದರೆ ಸೆಂಟಿನೆಲ್-2 ಉಪಗ್ರಹದ ಅತಿ ಸೂಕ್ಷ್ಮ ಚಿತ್ರದಲ್ಲೂ ಒಂದು ಚುಕ್ಕಿ ಎಂದರೆ 10 ಮೀಟರ್ ಚೌಕ. ನಮ್ಮ ಮೆಟ್ಟಿಲು ಗದ್ದೆ ಅದಕ್ಕಿಂತ ಕಿರಿದು. ಆ ಚುಕ್ಕಿಯಲ್ಲಿ ಗದ್ದೆ, ಬದು, ಪಕ್ಕದ ಅಡಿಕೆ ಮರದ ನೆರಳು ಎಲ್ಲ ಬೆರೆತಿರುತ್ತದೆ. ಆಗಸ್ಟ್ ಪೂರ್ತಿ ಮೋಡ. ಮೋಡ ದಾಟುವ ರೇಡಾರ್ ಉಪಗ್ರಹ ಇದ್ದರೂ ಗುಡ್ಡದ ಇಳಿಜಾರು ಅದರ ಚಿತ್ರವನ್ನು ತಿರುಚುತ್ತದೆ. 2023–24ರಿಂದ ಬಂದ ಡಿಜಿಟಲ್ ಬೆಳೆ ಅಂದಾಜು ಸಮೀಕ್ಷೆಯಲ್ಲಿ ಚೌಕ ಎಲ್ಲಿ ಬಿತ್ತು ಎಂದು ಜಿಪಿಎಸ್ ಸಮೇತ ದಾಖಲಾಗುತ್ತದೆ. ಇದರಿಂದ ಸುಳ್ಳು ಚೌಕ ನಿಲ್ಲುತ್ತದೆ. ಪಟ್ಟಿಯಲ್ಲೇ ಇಲ್ಲದ ಗದ್ದೆ ಮಾತ್ರ ಆಗಲೂ ಇಲ್ಲದಂತೆಯೇ ಉಳಿಯುತ್ತದೆ.

2011ರಲ್ಲಿ ಎ. ವೈದ್ಯನಾಥನ್ ಅವರ ಅಧ್ಯಕ್ಷತೆಯ ಸಮಿತಿ ದೇಶದ ಕೃಷಿ ಅಂಕಿಅಂಶ ಸುಧಾರಿಸಲು ವರದಿ ಕೊಟ್ಟಿತು. ದೇಶದ ಮತ್ತು ರಾಜ್ಯದ ಅಂದಾಜಿಗೆ ಸುಮಾರು 15,000 ಹಳ್ಳಿಗಳ ಮಾದರಿ ಸಾಕು, ಅದನ್ನು ಇದಕ್ಕೇ ಮೀಸಲಾದ ರಾಷ್ಟ್ರೀಯ ಕೇಂದ್ರವೊಂದು ಮಾಡಲಿ ಎಂಬುದು ಅದರ ಸಲಹೆ. ಆ ಸಲಹೆಯಲ್ಲಿ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುವುದು ಎರಡು ಕೆಲಸವನ್ನು ಬೇರೆ ಮಾಡುವ ದಾರಿ. ದೇಶದ ಲೆಕ್ಕಕ್ಕೆ ಕಡಿಮೆ ಹಳ್ಳಿ, ಹೆಚ್ಚು ನಿಗಾ ಬೇಕು. ವಿಮೆಗೆ ಪ್ರತಿ ಪಂಚಾಯ್ತಿಯೂ ಬೇಕು. ಇವತ್ತು ಒಂದೇ 5 ಮೀಟರ್ ಚೌಕದ ಮೇಲೆ ಎರಡೂ ಭಾರ ಕೂತಿದೆ. ದುಡ್ಡು ಸೇರಿಕೊಂಡ ಕಡೆ ಜಗಳ ಸೇರಿಕೊಳ್ಳುತ್ತದೆ, ಆ ಜಗಳದ ನಡುವೆ ಬಂದ ಅಂಕಿಯೇ ದೇಶದ ಅಂಕಿಯೂ ಆಗುತ್ತದೆ.

ಊರಿನವರು ಮಾಡಿದ್ದು

ಪ್ರತಿಭಟನೆಯ ಮಾತು ಬಂದಾಗ ಊರಿನ ಕೆಲವರು ಬೇರೆ ದಾರಿ ಹಿಡಿದರು. ಗ್ರಾಮ ನಕಾಶೆ ಹರಡಿಕೊಂಡು ಸರ್ವೆ ನಂಬರ್ ಒಂದೊಂದಕ್ಕೂ ಇದು ಬಯಲು, ಇದು ಮಕ್ಕಿ, ಇದು ತೋಟವಾಗಿದೆ ಎಂದು ಗುರುತು ಹಾಕಿದರು. ವಯಸ್ಸಾದವರಿಗೆ ನಕಾಶೆಯೇ ಬೇಕಿರಲಿಲ್ಲ, ಯಾವ ಗದ್ದೆಗೆ ಯಾವ ಮಳೆ ಬೇಕು ಎಂಬುದು ಬಾಯಲ್ಲೇ ಇತ್ತು. ಎಲ್ಲಿ ಬಯಲು ಮುಗಿದು ಮಕ್ಕಿ ಶುರು ಎಂಬ ಬಗ್ಗೆ ಕೆಲವು ನಂಬರ್‌ಗಳಲ್ಲಿ ವಾದವಾಯಿತು. ಮಳೆ ನಿಂತ ಮೇಲೂ ಹಳ್ಳದ ಅಥವಾ ಒರತೆಯ ನೀರು ಹಾಯುವುದೋ ಇಲ್ಲವೋ ಎಂಬುದನ್ನೇ ಅಳತೆಗೋಲು ಮಾಡಿಕೊಂಡು ತೀರ್ಮಾನಿಸಿದರು. ಇದಕ್ಕಿಂತ ಸರಳವಾದ, ಸರಿಯಾದ ಅಳತೆಗೋಲನ್ನು ಯಾವ ತಜ್ಞರೂ ಕೊಡಲಾರರು ಎಂದು ನನಗನಿಸುತ್ತದೆ.

ಆ ಹಾಳೆಗಳನ್ನು ಸಂಬಂಧಪಟ್ಟ ಕಚೇರಿಗೆ ಕೊಟ್ಟರು. ಆ ವರ್ಷದ ಇಳುವರಿ ಬದಲಾಗಲಿಲ್ಲ, ಪ್ರಕಟವಾದ ಮೇಲೆ ಅದು ಸುಲಭವೂ ಅಲ್ಲ. ಬೆಳೆ ದರ್ಶಕ್ ಆ್ಯಪಿನಲ್ಲಿ ರೈತರು ತಮ್ಮ ನಂಬರ್‌ಗೆ ಏನು ಬೆಳೆ ದಾಖಲಾಗಿದೆ ಎಂದು ನೋಡಿ ಆಕ್ಷೇಪಣೆ ಹಾಕಬಹುದು. ಮುಂದಿನ ಮುಂಗಾರಿನಲ್ಲಿ ಊರಿನವರು ಅದನ್ನು ಬಿಡದೆ ಮಾಡಿದರು. ಭತ್ತ ಎಂದಿದ್ದ ಹಲವು ತೋಟಗಳು ಅಡಿಕೆ ಎಂದು ತಿದ್ದುಪಡಿಯಾದವು, ಬೀಳು ಎಂದಿದ್ದ ಕೆಲವು ಮಕ್ಕಿಗಳು ಭತ್ತಕ್ಕೆ ಬಂದವು. ಇದರಿಂದ ಇನ್ನೊಂದು ಲಾಭವೂ ಆಯಿತು. ವಿಮೆ ಕಟ್ಟಿದ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆಯಾಗದೆ ಅರ್ಜಿ ತಿರಸ್ಕಾರವಾಗುವುದು ಅಷ್ಟರಮಟ್ಟಿಗೆ ತಪ್ಪಿತು.

ಬಯಲು, ಮಕ್ಕಿ ಎಂಬ ಗುರುತಿಗೆ ಮಾತ್ರ ಎಲ್ಲೂ ಜಾಗ ಸಿಗಲಿಲ್ಲ. ಆ್ಯಪಿನಲ್ಲಿ ಅದಕ್ಕೆ ಕಾಲಂ ಇಲ್ಲ. ನೀರಾವರಿಯೋ ಮಳೆಯಾಶ್ರಿತವೋ ಎಂದು ಕೇಳುತ್ತದೆ, ನಮ್ಮ ಎರಡೂ ಗದ್ದೆ ಮಳೆಯಾಶ್ರಿತದಲ್ಲೇ ಒಂದಾಗಿಬಿಡುತ್ತವೆ. ನಾನು ಕೇಳುವುದು ಆ ಒಂದು ಕಾಲಂ. ಬೆಳೆಯ ಹಾಗೆ ಅದನ್ನು ವರ್ಷ ವರ್ಷ ಬರೆಯಬೇಕಿಲ್ಲ, ಒಮ್ಮೆ ಬರೆದರೆ ಸಾಕು. ಅದು ಬಂದರೆ ನಾಲ್ಕು ಚೌಕವನ್ನು ಎರಡು ಎರಡಾಗಿ ಹಂಚಬಹುದು. ಮುಂದೆ ಮಕ್ಕಿಯನ್ನೇ ಬೇರೆ ವಿಮಾ ಘಟಕ ಮಾಡಿ ಅದರದೇ ಮಿತಿ ಇಳುವರಿ ಕಟ್ಟಲೂಬಹುದು. ಆದರೆ ಅಂಥ ಮಿತಿಗೆ 7 ವರ್ಷದ ಇಳುವರಿ ಬೇಕು. ಈ ಮುಂಗಾರಿನಲ್ಲೇ ಬರೆಯಲು ಶುರು ಮಾಡಿದರೂ ಮಕ್ಕಿ ಗದ್ದೆಗೆ ತನ್ನದೇ ಲೆಕ್ಕ ಸಿಗಲು ಇನ್ನೂ ಏಳು ಮುಂಗಾರು ಕಾಯಬೇಕು.